ಆಟಿ ತಿಂಗಳ ಕೂಲಿ

ನಮ್ಮ ಕಾಲದಲ್ಲಿ ಶಾಲೆಯ ಬೆಂಚು ಮುರಿದರೆ ಗುಡ್ಡದ ಕೆಳಗಿನ ಮರಗೆತ್ತನೆ ಸಂಘಕ್ಕೆ ಹೊತ್ತುಕೊಂಡು ಹೋಗುವುದು ಹತ್ತನೇ ತರಗತಿ ಹುಡುಗರ ಕೆಲಸ. ಗಣಿತದ ಪೀರಿಯಡ್ಡಿಗೆ ಮೊದಲೇ ಬೆಂಚು ಜಾಸ್ತಿ ಮುರಿಯುತ್ತಿತ್ತು, ಯಾಕೋ!

ಸಂಘದಲ್ಲಿ ಎರಡು ಮೂರು ಆಚಾರಿ ಮನೆಯವರನ್ನು ಬಿಟ್ಟರೆ ಉಳಿದವರೆಲ್ಲ ಕೃಷಿಕರು, ನಮ್ಮ ಸಹಪಾಠಿಗಳ ಅಪ್ಪ, ದೊಡ್ಡಪ್ಪಂದಿರು. ಕಾಸರಗೋಡು ಕಡೆಯ ಅಡಿಕೆ ತೋಟದ ಲೆಕ್ಕ ನಿಮಗೆ ಗೊತ್ತೇ ಇದೆ ಅಲ್ವಾ? ಕೊಯ್ಲು ಮಳೆ ಬಿಟ್ಟ ಮೇಲೆ. ಅಂಗಳದಲ್ಲಿ ಸುಮಾರು 40 ದಿನ ಒಣಗಬೇಕು, ಸುಲಿಯಬೇಕು, ಆಮೇಲೆ ದುಡ್ಡು. ಆಟಿ, ಅಂದರೆ ಜುಲೈ-ಆಗಸ್ಟಿನ ಮಳೆಯ ತುಳು ತಿಂಗಳು, ಬರುವಾಗ ಅದು ಖಾಲಿ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ತಂದು ಮದ್ದು ಬಿಡುವ ಖರ್ಚು ಮಾತ್ರ ಮಳೆಗಾಲದಲ್ಲೇ. ಜೂನಿನಲ್ಲಿ ಮಕ್ಕಳ ಕೊಡೆ, ಪುಸ್ತಕ, ಯೂನಿಫಾರ್ಮು ಬೇರೆ. ಆ ಹೊತ್ತಿಗೆ ಕೈಗೆ ನಾಲ್ಕು ಕಾಸು ಸಿಗಲಿ ಎಂದೇ ಸಂಘ ಕಟ್ಟಿದ್ದು. ಹೊರಗಿನವರು ಬಂದು 'ಎಂಥಾ ಕಲೆ!' ಎಂದು ಫೋಟೋ ತೆಗೆಯುತ್ತಿದ್ದರು. ಕಲೆ ಹೌದು. ನಮ್ಮ ಮನೆಗಳಿಗೆ ಅದು ಆಟಿಯ ಕೂಲಿ.

ನೋಂದಣಿಗೆ ಬೇರೆ ಬೇರೆ ಮನೆಯ 25 ಮಂದಿ ಬೇಕು ಎಂದಿದ್ದರಂತೆ. ಮಂದಿ ಸಿಕ್ಕಿದರು, ಕಾಗದಪತ್ರ ಓದುವವರು ಸಿಕ್ಕಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮಲಯಾಳ ಓದಲು ಬಾರದ ಹಿರಿಯರಿಗೆ ಇದೇ ಪಾಡು. ನಮ್ಮ ಕನ್ನಡ ಮಾಷ್ಟ್ರು ಸಂಘದ ನಿಯಮಗಳ ಬೈಲಾವನ್ನು ಕನ್ನಡಕ್ಕೆ ಮಾಡಿ, ಜಗಲಿಯಲ್ಲಿ ಕೂತು ಎಲ್ಲರಿಗೂ ಓದಿ ಹೇಳಿದ್ದರು. ಲೆಕ್ಕ ಬರೆಯಲು ಶನಿವಾರ ನಮ್ಮನ್ನು ಕಳಿಸುತ್ತಿದ್ದವರೂ ಅವರೇ.

ಯಕ್ಷಗಾನದ ಭುಜಕೀರ್ತಿ, ದೈವಸ್ಥಾನದ ಉಯ್ಯಾಲೆ, ಮನೆಯ ದಾರಂದ (ಬಾಗಿಲ ಚೌಕಟ್ಟು), ಏನೇ ಆರ್ಡರು ಬಂದರೂ ಹಂಚುವುದು ಸರದಿಯ ಮೇಲೆ. ಕೈ ಚುರುಕಿನವರಿಗೆ ಜಾಸ್ತಿ ಕೆಲಸ ಅಂತಿಲ್ಲ. ಮುಖ ಕೆತ್ತುವುದು ಮಾತ್ರ ಆಚಾರಿಗಳಿಗೆ. ಬಳ್ಳಿ, ಹೂವು, ಅಂಚು ಉಳಿದವರಿಗೆ. ಚೆನ್ನಾಗಿ ಕೆತ್ತುವವರಿಗೆ ಸರದಿ ಅಂದರೆ ಸಿಟ್ಟು. ಜೋರು ಜಗಳ ಆದದ್ದನ್ನೂ ನೋಡಿದ್ದೇನೆ. ಆದರೂ ಸಂಘ ಉಳಿದದ್ದು ಸರದಿಯಿಂದಲೇ ಎಂದು ನನಗೆ ಅನಿಸುತ್ತದೆ. ಬರೀ ಕೈಚಳಕ ನೋಡಿದ್ದರೆ ಅದು ನಾಲ್ಕು ಮನೆಯ ಅಂಗಡಿ ಆಗುತ್ತಿತ್ತು.

ಮರ ಹೆಚ್ಚಾಗಿ ಹಲಸಿನದು. ಕಡಿದಾಗ ಹಳದಿ, ವರ್ಷ ಕಳೆದ ಹಾಗೆ ಕಂದು. ದಿಮ್ಮಿಯ ಎರಡೂ ತುದಿಗೆ ಸೆಗಣಿ ಮೆತ್ತಿ ನೆರಳಿನಲ್ಲಿ ಇಡುತ್ತಿದ್ದರು. ತುದಿಯಲ್ಲಿ ನೀರು ಬೇಗ ಆರುತ್ತದೆ, ಸೀಳು ಬಿಡುವುದೂ ಅಲ್ಲಿಂದಲೇ. ಉಪಜಿಲ್ಲಾ ವೃತ್ತಿ ಪರಿಚಯ ಮೇಳದಲ್ಲಿ ಮರದ ಕೆತ್ತನೆ ಸ್ಪರ್ಧೆಗೆ ಹೋಗುವ ನಮ್ಮ ಶಾಲೆಯ ಮಕ್ಕಳು ಪಳಗಿದ್ದು ಆ ಶೆಡ್ಡಿನಲ್ಲೇ. ಎಳೆಗೆ ಎದುರಾಗಿ ಉಳಿ ಇಟ್ಟರೆ ಸಾಕು, ಆಚಾರಿಯವರು ತಲೆ ಎತ್ತದೆಯೇ ಕೂಗುತ್ತಿದ್ದರು: "ತಿರುಗಿಸಿ ಹಿಡಿ ಮಾರಾಯ, ಸಿಬುರು ಏಳ್ತದೆ!"

ಈಚೆಗೆ ಊರಿಗೆ ಹೋದಾಗ ಸಂಘಕ್ಕೂ ಹೋಗಿದ್ದೆ. ಬಾಗಿಲಿನ ಆರ್ಡರುಗಳು ಪೇಟೆಯಲ್ಲಿ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಿಎನ್‌ಸಿ ಯಂತ್ರಕ್ಕೆ ಹೋಗಿವೆ. ಬೇಗ ಆಗುತ್ತದೆ, ಅಗ್ಗವೂ ಹೌದು. ಜನರನ್ನು ದೂರಿ ಪ್ರಯೋಜನ ಇಲ್ಲ. ಹಳೆ ಮನೆಗಳ ಕಂಬ, ಮುಚ್ಚಿಗೆ (ಮರದ ಒಳಮಾಡು) ಸರಿ ಮಾಡುವ ಕೆಲಸ ಈಗ ಜಾಸ್ತಿ. ಲೆಕ್ಕ ಕಂಪ್ಯೂಟರಿನಲ್ಲಿ. ನೋಡಿಕೊಳ್ಳುವವಳು ನನ್ನ ಸಹಪಾಠಿಯ ಮಗಳು, ನಮ್ಮ ಶಾಲೆಯದೇ ಹುಡುಗಿ. ಸರದಿ ಈಗಲೂ ಇದೆಯಾ ಎಂದು ಕೇಳಿದೆ.

"ಉಂಟು ಮಾವ, ಜಗಳವೂ ಉಂಟು" ಎಂದಳು.