ಕೆಸರಲ್ಲಿ ಹೋದ ಚಪ್ಪಲಿ

ಇವತ್ತು ಬೆಳಿಗ್ಗೆ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ದಂಡೆಗೆ ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ನಮ್ಮ ಪರಿಸರ ಕೇಂದ್ರದಲ್ಲಿ ತಿಂಗಳಿಗೆ ಎರಡು ಭಾನುವಾರ ನನ್ನ ಪಾಳಿ. ಸಂಬಳ ಇಲ್ಲ, ಚಹಾ-ಅವಲಕ್ಕಿ ಉಂಟು.

ಸಮುದ್ರದ ಇಳಿತದ ಹೊತ್ತು. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರೆಲ್ಲ ಹೊರಗೆ ಕಾಣುತ್ತಿತ್ತು. ಇದರಲ್ಲಿ ಒಂದು ಜಾತಿಯ ಬೀಜ ಮರದಲ್ಲಿದ್ದಾಗಲೇ ಮೊಳಕೆ ಒಡೆಯುತ್ತದೆ, ನುಗ್ಗೆಕಾಯಿ ಹಾಗೆ ಉದ್ದಕ್ಕೆ ನೇತಾಡುತ್ತದೆ. ಬಿದ್ದಾಗ ಕೆಸರಿಗೆ ಚುಚ್ಚಿಕೊಂಡರೆ ಅಲ್ಲೇ ಬೇರು, ಇಲ್ಲದಿದ್ದರೆ ತೇಲಿಕೊಂಡು ಹೋಗಿ ಇನ್ನೆಲ್ಲೋ. ಇದನ್ನೇ ಭಾರೀ ಜೋರಾಗಿ ಹೇಳುತ್ತಿದ್ದೆ.

ಐದನೇ ಕ್ಲಾಸಿನ ಹುಡುಗಿಯೊಬ್ಬಳು ನಡುವೆ ಬಾಯಿ ಹಾಕಿದಳು. "ಅಕ್ಕೋರೇ, ಸಿಗಡಿ ಮರಿ ಎಲ್ಲಾ ಇದರ ಬುಡದಲ್ಲೇ ಇರ್ತದೆ. ಇದನ್ನ ಕಡಿದ್ರೆ ನಮ್ಮಪ್ಪನ ಬಲೆಗೆ ಏನು ಬೀಳೂದು?"

ನಾನು ಎರಡು ಪುಟ ಬರೆದುಕೊಂಡು ಹೋಗಿದ್ದು ಇಷ್ಟೇ ವಿಷಯ! ಸುಮ್ನೆ ಹಾಳೆ ಮಡಚಿ ಚೀಲಕ್ಕೆ ಹಾಕಿದೆ. ಮೀನು ಹಿಡಿಯುವ ಮನೆಯ ಮಕ್ಕಳಿಗೆ ನಾವು ಹೊಳೆ ಪರಿಚಯ ಮಾಡಿಸೋದು ಸ್ವಲ್ಪ ತಮಾಷೆಯೇ ಅಲ್ವಾ? ಮುಂದಿನ ಸಲ ಅವಳ ಅಪ್ಪನನ್ನೇ ಕರೆಸಬೇಕು.

ವಾಪಸ್ ಬರುವಾಗ ಒಂದು ಚಪ್ಪಲಿ ಕೆಸರಲ್ಲೇ ಉಳಿಯಿತು. ಹುಡುಕುವಷ್ಟರಲ್ಲಿ ಭರತದ ನೀರು ಏರಿಬಿಟ್ಟಿತ್ತು.