ಓಬವ್ವನ ಹಾಡಿಗೆ ಅಬ್ಬರ ಬೇಡ

ಚಿತ್ರದುರ್ಗ
11 ನವೆಂಬರ್ 2024, ಸೋಮವಾರ

ಇವತ್ತು ಒನಕೆ ಓಬವ್ವ ಜಯಂತಿ. ರಾಜ್ಯೋತ್ಸವದ ಬಾವುಟ ಹಾರಿದ ದಿನದಿಂದ ತಿಂಗಳ ಕೊನೆಯವರೆಗೂ ನಮ್ಮ ದುರ್ಗದಲ್ಲಿ ‘ಕನ್ನಡ ನಾಡಿನ ವೀರರಮಣಿಯ’ ಹಾಡು ಕಿವಿಗೆ ಬೀಳದ ದಿನವೇ ಇರುವುದಿಲ್ಲ. ಇನ್ನು ಜಯಂತಿಯ ದಿನವೆಂದರೆ ಕೇಳಬೇಕೆ? ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಗಾಂಧಿ ವೃತ್ತದ ಹತ್ತಿರ ಧ್ವನಿವರ್ಧಕದಲ್ಲಿ ಅದೇ ಹಾಡು ಬರುತ್ತಿತ್ತು. ಆದರೆ ಅದು ಮೂಲದ ಹಾಡಲ್ಲ, ಯಾರೋ ಹೊಸದಾಗಿ ಹಾಡಿ ಉದ್ದಕ್ಕೂ ಡ್ರಮ್ ತುಂಬಿಸಿದ್ದು. ಮೊದಲ ಸಾಲಿನಿಂದಲೇ ಗಾಯಕ ಗಂಟಲು ಹರಿದುಕೊಳ್ಳುತ್ತಿದ್ದ. ಕೋಟೆಯ ವರ್ಣನೆಗೂ ಅದೇ ಕೂಗು, ಹೈದರಾಲಿ ಬಂದಾಗಲೂ ಅದೇ ಕೂಗು. ಓಬವ್ವ ಒನಕೆ ಎತ್ತುವ ಹೊತ್ತಿಗೆ ಏರಿಸಲು ಅವನಲ್ಲಿ ದನಿಯೇ ಉಳಿದಿರಲಿಲ್ಲ. ಹೊಟ್ಟೆ ಉರಿಯಿತು. ಇಡೀ ದಿನ ತಲೆಯಲ್ಲಿ ಅದೇ ಕೊರೆಯುತ್ತಿತ್ತು, ಅದಕ್ಕೇ ಬರೆಯಲು ಕುಳಿತೆ.

ಈ ಹಾಡಿರುವ ‘ನಾಗರಹಾವು’ ಚಿತ್ರ ತೆರೆಗೆ ಬಂದದ್ದು 1972ರ ಡಿಸೆಂಬರಿನಲ್ಲಿ. ಪುಟ್ಟಣ್ಣ ಕಣಗಾಲ್ ನಿರ್ದೇಶನ, ವಿಜಯಭಾಸ್ಕರ್ ಸಂಗೀತ. ಈ ಹಾಡನ್ನು ಬರೆದವರು ಚಿ. ಉದಯಶಂಕರ್, ಹಾಡಿದವರು ಪಿ.ಬಿ. ಶ್ರೀನಿವಾಸ್. ನನ್ನ ಮಟ್ಟಿಗೆ ಈ ಹಾಡಿನ ಜೀವವಿರುವುದು ಶ್ರೀನಿವಾಸರು ತಮ್ಮ ಪಾತ್ರವನ್ನು ಸರಿಯಾಗಿ ಅರಿತುಕೊಂಡದ್ದರಲ್ಲಿ. ಅವರು ಇಲ್ಲಿ ಯೋಧರಲ್ಲ, ಓಬವ್ವನೂ ಅಲ್ಲ. ಅವರು ಕಥೆ ಹೇಳುವವರು. ಊಟವಾದ ಮೇಲೆ ಜಗಲಿಯ ಮೇಲೆ ಮಕ್ಕಳನ್ನು ಸುತ್ತ ಕೂರಿಸಿಕೊಂಡ ಹಿರಿಯರ ಹಾಗೆ ಅವಸರವಿಲ್ಲದೆ ಶುರುಮಾಡುತ್ತಾರೆ. ಮೊದಲು ಕೋಟೆ, ಆಮೇಲೆ ಮದಕರಿ ನಾಯಕ, ಆಮೇಲೆ ಮುತ್ತಿಗೆ ಹಾಕಿ ಹಾಕಿ ಸೋತ ಹೈದರಾಲಿ, ಗೂಢಚಾರರು, ಕಳ್ಳಗಂಡಿ. ಓಬವ್ವ ಬರುವುದು ಇಷ್ಟೆಲ್ಲ ಆದ ಮೇಲೆ. ಅಷ್ಟು ಹೊತ್ತು ಕಾದದ್ದರಿಂದಲೇ ಅವಳು ಬಂದಾಗ ಮೈ ಜುಮ್ಮೆನ್ನುತ್ತದೆ.

ಶ್ರೀನಿವಾಸರದು ಮೊದಲಿನಿಂದಲೂ ಕೆಳಸ್ಥಾಯಿಯಲ್ಲಿ ಅರಳುವ ದನಿ. ಕಾಕಿನಾಡದಲ್ಲಿ ಹುಟ್ಟಿದ ಈ ಮನುಷ್ಯ ಕನ್ನಡದ ಒಂದೊಂದು ಒತ್ತಕ್ಷರವನ್ನೂ ಹೇಗೆ ಉಚ್ಚರಿಸುತ್ತಾರೆ, ಗಮನವಿಟ್ಟು ಕೇಳಿ. ಪದ ಎಲ್ಲಿಯೂ ಸವೆಯುವುದಿಲ್ಲ. ವರ್ಷಗಳ ಕಾಲ ರಾಜ್‌ಕುಮಾರ್ ಅವರ ದನಿಯಾಗಿದ್ದವರು ಎಂದು ಎಲ್ಲರೂ ಹೊಗಳುತ್ತಾರೆ, ಸರಿಯೇ. ಆದರೆ ಚಿತ್ರದುರ್ಗದವಳಾದ ನನಗೆ ಅವರು ಮೊದಲು ಓಬವ್ವನ ಕಥೆ ಹೇಳಿದವರು, ಉಳಿದದ್ದೆಲ್ಲ ಆಮೇಲೆ.

ಅಣ್ಣನ ಮಗಳು ಎಂಟನೇ ತರಗತಿ. ಈ ಶುಕ್ರವಾರ ಶಾಲೆಯಲ್ಲಿ ಇದೇ ಹಾಡಿಗೆ ಕುಣಿಯುತ್ತಿದ್ದಾಳೆ, ಓಬವ್ವನ ಪಾತ್ರ ಅವಳದೇ. ನೃತ್ಯಕ್ಕೆಂದು ಕೊಟ್ಟಿರುವ ಟ್ರ್ಯಾಕಿನಲ್ಲಿ ಕೋಟೆಯೂ ಇಲ್ಲ, ಮದಕರಿಯೂ ಇಲ್ಲ. ಪಲ್ಲವಿ ಮುಗಿಯುತ್ತಿದ್ದಂತೆ ನೇರವಾಗಿ ಹೊಡೆದಾಟ. ನಿನ್ನೆ ಭಾನುವಾರ ಅವಳನ್ನು ಕರೆದುಕೊಂಡು ಕೋಟೆ ಹತ್ತಿದೆ. ಓಬವ್ವನ ಕಿಂಡಿಯ ಮುಂದೆ ನಿಲ್ಲಿಸಿ ಒಳಗೆ ನುಸುಳಿ ಬಾ ಎಂದೆ. ತಲೆ ತಗ್ಗಿಸಿ, ಭುಜವನ್ನು ಒಂದು ಪಕ್ಕಕ್ಕೆ ಓರೆ ಮಾಡಿ, ಒಂದು ಕೈಯನ್ನು ಬಂಡೆಗೆ ಊರಿ ತೆವಳಿದಳು. ಈಚೆ ಬಂದಾಗ ಮೊಣಕೈಗೆಲ್ಲ ಮಣ್ಣು. ಒಳಗಿನಿಂದ ಮೊದಲು ಕಾಣುವುದು ತಲೆ, ಮೈ ಆಮೇಲೆ. ತಲೆ ಹೊರಗೆ ಬಂದಾಗ ಕೈ ಇನ್ನೂ ಬಂಡೆಯ ಸಂದಿಯಲ್ಲೇ ಇರುತ್ತದೆ, ಕತ್ತಿ ಬೀಸುವ ಮಾತೇ ಇಲ್ಲ. ಒಬ್ಬಳೇ ಹೆಂಗಸು ಒನಕೆ ಹಿಡಿದು ಒಂದು ಸೈನ್ಯವನ್ನು ತಡೆದದ್ದು ಹೇಗೆ ಎಂಬುದು ಅಲ್ಲಿ ನಿಂತರೆ ಯಾರಿಗಾದರೂ ತಿಳಿಯುತ್ತದೆ. ಅವಳು ಸದ್ದು ಮಾಡಿದ್ದರೆ ಒಳಗಿದ್ದವರಿಗೆ ಗೊತ್ತಾಗಿಬಿಡುತ್ತಿತ್ತು. ಸತ್ತವರನ್ನು ಪಕ್ಕಕ್ಕೆ ಎಳೆದು, ಮುಂದಿನವನಿಗಾಗಿ ಉಸಿರು ಬಿಗಿಹಿಡಿದು ಕಾಯಬೇಕಿತ್ತು. ಗಂಡ ಊಟ ಮಾಡುತ್ತಿದ್ದಾನೆ, ನೀರಿಗೆಂದು ಬಂದವಳು ಇವಳು. ಅಂಥ ಗಳಿಗೆಗೆ ಡಬಡಬ ಡ್ರಮ್ ಹೇಗೆ ಹೊಂದುತ್ತದೆ?

ಅಲ್ಲೇ ಬಂಡೆಯ ಮೇಲೆ ಕುಳಿತು ಮೊಬೈಲಿನಲ್ಲಿ ಮೂಲ ಹಾಡನ್ನು ಪೂರ್ತಿ ಕೇಳಿಸಿದೆ. ಅವಳು ಸುಲಭಕ್ಕೆ ಒಪ್ಪುವವಳಲ್ಲ.

“ಅತ್ತೆ, ಹಾಡು ಚೆನ್ನಾಗಿದೆ. ಆದರೆ ಇಷ್ಟು ನಿಧಾನವಾಗಿ ಶುರುವಾದರೆ ವೇದಿಕೆಯ ಮೇಲೆ ನಾನು ಏನು ಮಾಡಲಿ? ಸುಮ್ಮನೆ ನಿಂತರೆ ಜನ ಎದ್ದು ಹೋಗುತ್ತಾರೆ.”

“ನೀನು ಯಾಕೆ ನಿಲ್ಲಬೇಕು? ಆಗ ನೀನು ವೇದಿಕೆಯ ಮೇಲೇ ಇರಬಾರದು. ಬೇರೆ ಮಕ್ಕಳು ಕೋಟೆಯಾಗಲಿ, ಕಾವಲುಗಾರರಾಗಲಿ.”

“ಅದನ್ನು ಟೀಚರಿಗೆ ನೀವೇ ಹೇಳಿ.”

ಇವತ್ತು ಹೇಳಿದೆ. ಪೂರ್ತಿ ಹಾಡಿಗೆ ಸಮಯವಿಲ್ಲವಂತೆ, ಕೋಟೆಯ ಚರಣವನ್ನು ಮಾತ್ರ ಸೇರಿಸಿಕೊಳ್ಳುತ್ತಾರಂತೆ. ಅಷ್ಟಾದರೂ ಆಗಲಿ. ಹುಡುಗಿಯ ಮಾತಿನಲ್ಲೂ ನ್ಯಾಯವಿದೆ ಎಂದು ಒಪ್ಪುತ್ತೇನೆ: ಕುಣಿತಕ್ಕೆ ಲಯ ಬೇಕು. ಆದರೆ ವಿಜಯಭಾಸ್ಕರ್ ಲಯವನ್ನು ಕೊಟ್ಟೇ ಇದ್ದಾರಲ್ಲ. ಕಥೆ ಬಿಗಿಯಾದಂತೆ ಹಾಡಿನ ನಡಿಗೆಯೂ ಬಿಗಿಯಾಗುತ್ತದೆ. ಅದಿರುವಾಗ ಮೇಲಿಂದ ಇನ್ನೊಂದು ತಾಳವನ್ನು ಯಾಕೆ ಹೇರಬೇಕು?

ಸಿನಿಮಾದಲ್ಲಿ ಓಬವ್ವನಾಗಿ ಬರುವ ನಟಿ ಜಯಂತಿ ಎಷ್ಟು ಕಡಿಮೆ ಹೊತ್ತು ತೆರೆಯ ಮೇಲಿರುತ್ತಾರೆ ಎಂದು ನೆನೆಸಿಕೊಂಡರೆ ಆಶ್ಚರ್ಯವಾಗುತ್ತದೆ. ಆದರೂ ಕಚ್ಚೆ ಬಿಗಿದು ಒನಕೆ ಎತ್ತಿದ ಹೆಣ್ಣು ಎಂದೊಡನೆ ನಮ್ಮೂರಿನವರ ಕಣ್ಣ ಮುಂದೆ ಬರುವುದು ಅವರ ಮುಖ. 2021ರ ಜುಲೈನಲ್ಲಿ ಅವರು ತೀರಿಕೊಂಡರು. ಸರ್ಕಾರ ಓಬವ್ವ ಜಯಂತಿಯನ್ನು ಘೋಷಿಸಿದ್ದೂ ಅದೇ ವರ್ಷ. ಅವರು ಅದನ್ನು ನೋಡಬೇಕಿತ್ತು ಎಂದು ಪ್ರತಿ ನವೆಂಬರಿನಲ್ಲೂ ಅನಿಸುತ್ತದೆ.

ಮಧ್ಯಾಹ್ನ ಕಚೇರಿಯಲ್ಲಿ ಬುತ್ತಿ ಬಿಚ್ಚಿದಾಗಲೂ ಇದೇ ಚರ್ಚೆ. ನನ್ನ ಗೆಳತಿ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರ ಕಟ್ಟಾ ಅಭಿಮಾನಿ. ಇದೇ ಚಿತ್ರದ ‘ಹಾವಿನ ದ್ವೇಷ’ದ ಮುಂದೆ ಬೇರೆ ಯಾವ ಹಾಡೂ ನಿಲ್ಲುವುದಿಲ್ಲ ಎಂಬುದು ಅವಳ ವಾದ. ಆ ಹಾಡು ನನಗೂ ಇಷ್ಟ. ಆಗ ಬಾಲು ಅವರಿಗೆ 26 ವರ್ಷ, ತೆರೆಯ ಮೇಲೆ ದುರ್ಗದ ಬಂಡೆಗಳ ನಡುವೆ ಕೆರಳಿ ನಿಂತ ವಿಷ್ಣುವರ್ಧನ್ ಅವರಿಗೆ 22. ಆ ಸಿಟ್ಟಿಗೆ ಎಳೆಯ ಗಂಟಲೇ ಬೇಕಿತ್ತು. ಆದರೆ ವಿಷ್ಣು ಅವರ ಪಾತ್ರವಾದ ಅದೇ ರಾಮಾಚಾರಿ ಪ್ರೀತಿಯಲ್ಲಿ ಕರಗುವಾಗ, ‘ಬಾರೆ ಬಾರೆ’ಯಲ್ಲಿ, ಕೇಳಿಸುವುದು ಶ್ರೀನಿವಾಸರ ದನಿ. ಒಬ್ಬನೇ ನಾಯಕ, ಎರಡು ಕಂಠ. ಒಂದು ಸಿಟ್ಟಿಗೆ, ಇನ್ನೊಂದು ಒಲವಿಗೆ. ಇಂದಿನ ಸಂಗೀತ ನಿರ್ದೇಶಕರು ಇಂಥದ್ದಕ್ಕೆ ಕೈ ಹಾಕಲು ಹೆದರುತ್ತಾರೆ. ಜೊತೆಗೆ ‘ಬಾರೆ ಬಾರೆ’ ಇಡೀ ಹಾಡನ್ನೇ ನಿಧಾನಗತಿಯಲ್ಲಿ ಚಿತ್ರಿಸಿದರು ಪುಟ್ಟಣ್ಣ. ಬಾಲು ಅವರ ದನಿ ಮುಂದೆ ದಶಕಗಳ ಕಾಲ ವಿಷ್ಣು ಅವರ ದನಿಯೇ ಆಯಿತು, ಅದನ್ನು ಅಲ್ಲಗಳೆಯುವವರಿಲ್ಲ. ಆದರೂ ಆ ಒಂದು ಹಾಡಿನಲ್ಲಿ ಶ್ರೀನಿವಾಸರ ಬದಲು ಬೇರೊಬ್ಬರನ್ನು ಊಹಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ. ಗೆಳತಿ ಒಪ್ಪಲಿಲ್ಲ, ತನ್ನ ಪಾಲಿನ ಚಟ್ನಿಪುಡಿಯನ್ನು ಮಾತ್ರ ಕೊಟ್ಟಳು.

ಚಿತ್ರಕ್ಕೆ ಮೂಲವಾದ ಕಾದಂಬರಿಗಳನ್ನು ಬರೆದ ತ.ರಾ.ಸು. ಅವರಿಗೆ ಚಿತ್ರ ಹಿಡಿಸಲಿಲ್ಲ, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದರು ಎಂಬುದು ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಅವರು ಈ ಜಿಲ್ಲೆಯ ಹೆಮ್ಮೆ, ಅವರ ಸಿಟ್ಟಿನ ಮೇಲೆ ನನಗೆ ಗೌರವವಿದೆ. ಮೂರು ಕಾದಂಬರಿಗಳನ್ನು ಒಂದು ಸಿನಿಮಾಕ್ಕೆ ಇಳಿಸಿದರೆ ಬರೆದವರಿಗೆ ನೋವಾಗದೆ ಇರುತ್ತದೆಯೇ? ಆದರೆ 2018ರಲ್ಲಿ ಚಿತ್ರ ಮತ್ತೆ ಬಿಡುಗಡೆಯಾದಾಗ ನಾನು ಅಪ್ಪನ ಜೊತೆ ನೋಡಿದೆ. ಓಬವ್ವನ ಹಾಡು ಶುರುವಾಗುತ್ತಿದ್ದಂತೆ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು, ಮುಗಿಯುವವರೆಗೂ ಒರಗಲಿಲ್ಲ. ಮುಂದಿನ ಸಾಲಿನ ಹುಡುಗರೂ ಮೊಬೈಲ್ ಕೆಳಗಿಟ್ಟು ಕೇಳಿದರು. ಯಾರೂ ಅವರಿಗೆ ಡ್ರಮ್ ಹಾಕಿ ಕೇಳಿಸಬೇಕಾಗಿ ಬರಲಿಲ್ಲ.

ಬರುವ ಶನಿವಾರ ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ರಸಮಂಜರಿ ಇದೆ. ಓಬವ್ವನ ಹಾಡನ್ನೇ ಕೇಳಿ ಚೀಟಿ ಕಳುಹಿಸುತ್ತೇನೆ. ಶ್ರುತಿ ತಗ್ಗಿಸಿಕೊಂಡು ಹಾಡಿ, ಕೋಟೆಯ ಚರಣವನ್ನು ಬಿಡಬೇಡಿ ಎಂದೂ ಅದರಲ್ಲೇ ಬರೆಯುತ್ತೇನೆ.