ಗೆಳೆಯರ ಮನೆಗೆ ಹೋಗುವಾಗ ಟೇಪು ಜೇಬಿನಲ್ಲಿರಲಿ

ಮನೆಯ ಅಲಂಕಾರವನ್ನು ಗೆಳೆಯರ ಮನೆ ನೋಡಿ ಕಲಿಯಬೇಕು, ಆದರೆ ಗೃಹಪ್ರವೇಶದ ದಿನ ಯಾರ ಮನೆ ನೋಡಿಯೂ ಏನೂ ಕಲಿಯಲಿಕ್ಕೆ ಬರುವುದಿಲ್ಲ. ಅವತ್ತು ಎಲ್ಲರ ಮನೆಯೂ ಚೆಂದವೇ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮನೆಯ ಗುಣ ಗೊತ್ತಾಗುವುದು ಏಪ್ರಿಲ್ ತಿಂಗಳ ಮಧ್ಯಾಹ್ನ 3 ಗಂಟೆಗೆ, ಹೊರಗೆ ಬಿಸಿಲು 40 ಡಿಗ್ರಿ ದಾಟಿರುವಾಗ. ಆ ಹೊತ್ತಿಗೆ ಗೆಳೆಯರ ಮನೆಗೆ ಹೋದರೆ ಗೋಡೆ ನೋಡಬೇಡಿ, ಮನೆಯವರು ಎಲ್ಲಿ ಕೂತಿದ್ದಾರೆ ನೋಡಿ. ಎಷ್ಟೋ ಮನೆಗಳಲ್ಲಿ ಸೋಫಾ ಖಾಲಿ ಇರುತ್ತದೆ. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಪಡಸಾಲೆಯ ಫರ್ಸಿಯ (ಕಲ್ಲುಹಾಸಿನ) ಮೇಲೆ, ಮುಂಬಾಗಿಲಿಗೂ ಹಿಂಬಾಗಿಲಿಗೂ ನೇರವಾದ ಗಾಳಿಯ ದಾರಿಯಲ್ಲಿ ಕೂತಿರುತ್ತಾರೆ. ಆ ಮನೆಯಿಂದ ನೀವು ತರಬೇಕಾದ್ದು ಆ ದಾರಿಯನ್ನು, ಸೋಫಾವನ್ನಲ್ಲ. ನಿಮ್ಮ ಮನೆಯಲ್ಲಿ ಅದೇ ದಾರಿಗೆ ಶೋಕೇಸು ಅಡ್ಡ ನಿಂತಿದ್ದರೆ ಅದನ್ನು ಪಕ್ಕದ ಗೋಡೆಗೆ ಸರಿಸುವುದೇ ಮೊದಲ ಅಲಂಕಾರ. ದುಡ್ಡೂ ಬೇಕಿಲ್ಲ.

ಎರಡನೆಯದಾಗಿ ನೋಡಬೇಕಾದ್ದು ಹತ್ತು ವರ್ಷದಿಂದ ಯಾರೂ ಕದಲಿಸದ ವಸ್ತುಗಳನ್ನು. ಬಾಗಿಲ ಪಕ್ಕದ ಗೂಟ, ಅಡುಗೆಮನೆಯ ಕಲ್ಲಿನ ಹಲಗೆ, ಜಗಲಿಯ ಕಟ್ಟೆ. ಅವು ಅಲ್ಲೇ ಉಳಿದಿರುವುದಕ್ಕೆ ಕಾರಣ ಒಂದು ಅಳತೆ. ಫೋಟೋದಲ್ಲಿ ಆ ಅಳತೆ ಬರುವುದಿಲ್ಲ. ಟೇಪು ಒಯ್ಯಲು ಸಂಕೋಚವಾದರೆ ಗೇಣಿನಲ್ಲಿ ಅಳೆಯಿರಿ: ಒಂದು ಗೇಣು ಸುಮಾರು 9 ಇಂಚು, ಮೊಳ 18 ಇಂಚು. ಆದರೆ ಕೈ ಎಲ್ಲರದೂ ಒಂದೇ ಅಲ್ಲ, ನಿಮ್ಮ ಗೇಣು ಎಷ್ಟೆಂದು ಮನೆಯಲ್ಲೇ ಒಮ್ಮೆ ಅಳೆದಿಟ್ಟುಕೊಂಡಿರಿ. ಇನ್ನೊಂದು ಮಾತು. ಈ ಕಡೆ ಯಾವುದನ್ನಾದರೂ ‘ಭಾಳ ಚಲೋ ಐತ್ರಿ’ ಅಂದುಬಿಟ್ಟರೆ ಹೋಗುವಾಗ ಕೈಗೇ ಕೊಟ್ಟು ಕಳಿಸುತ್ತಾರೆ. ಹೊಗಳುವ ಬದಲು ‘ಅಕ್ಕಾರ, ಇದನ್ನ ಮಾಡಿದ ಗೌಂಡಿ ಯಾರ್ರಿ?’ ಎಂದು ಕೇಳಿ. ಅಂಗಡಿಯ ಹೆಸರಿಗಿಂತ ಗೌಂಡಿಯ, ಅಂದರೆ ಗಾರೆ ಕೆಲಸದವರ ಹೆಸರೇ ಹೆಚ್ಚು ಉಪಯೋಗ.

ಗೂಟದಿಂದಲೇ ಶುರು ಮಾಡೋಣ. ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆ ಕಟ್ಟುವಾಗಲೇ ಮರದ ಗೂಟಗಳನ್ನು ಕಲ್ಲುಗಳ ನಡುವೆ ಸೇರಿಸಿಬಿಡುತ್ತಿದ್ದರು. ರುಮಾಲು, ಚೀಲ, ಹಗ್ಗ ಎಲ್ಲಕ್ಕೂ ಅದೇ ಆಸರೆ. ಹೊಸ ಮನೆಯ ಸಿಮೆಂಟ್ ಗೋಡೆಗೆ ಒಂದೊಂದೇ ಗೂಟ ಹೊಡೆಯಲಿಕ್ಕೆ ಹೋಗಬೇಡಿ, ಗಿಲಾವು (ಪ್ಲಾಸ್ಟರು) ಉದುರುತ್ತದೆ. ಅದರ ಬದಲು 4 ಇಂಚು ಅಗಲ, 1 ಇಂಚು ದಪ್ಪ, 4 ಅಡಿ ಉದ್ದದ ಒಂದು ಸಾಗವಾನಿ ಅಥವಾ ಬೇವಿನ ಪಟ್ಟಿ ತೆಗೆದುಕೊಂಡು, ಅದಕ್ಕೆ 8 ಇಂಚಿಗೊಂದರಂತೆ ಆರು ಗೂಟ ಕೂಡಿಸಲು ಬಡಿಗೇರರಿಗೆ ಹೇಳಿ. ಎರಡೂ ತುದಿಯಲ್ಲಿ 4 ಇಂಚು ಉಳಿಯುತ್ತದೆ. ಗೂಟದ ತುದಿ ಸ್ವಲ್ಪ ಮೇಲಕ್ಕೆ ಓರೆಯಾಗಿರಬೇಕು. ನೇರವಾಗಿದ್ದರೆ ಹೆಲ್ಮೆಟ್ ಜಾರಿ ಬೀಳುತ್ತದೆ. ನೆಲದಿಂದ 5 ಅಡಿ ಎತ್ತರದಲ್ಲಿ, ನಾಲ್ಕು ಕಡೆ 8 ಎಂಎಂ ರಂಧ್ರ ಕೊರೆದು, ಪ್ಲಗ್ ಹಾಕಿ, ಎರಡೂವರೆ ಇಂಚಿನ ಸ್ಕ್ರೂ ಬಿಗಿಯಿರಿ. ಪ್ಲಗ್ ಒಳಗೇ ತಿರುಗಿದರೆ ಗೋಡೆ ಟೊಳ್ಳು ಬ್ಲಾಕಿನದಿರಬಹುದು. ಜಾಗ ಎರಡಿಂಚು ಪಕ್ಕಕ್ಕೆ ಸರಿಸಿ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಎಂದೂ ಕೊರೆಯಬೇಡಿ, ಕರೆಂಟಿನ ಪೈಪು ಅಲ್ಲೇ ಇಳಿದಿರುತ್ತದೆ.

ಗೆಳೆಯರ ಹಳೆಯ ಮನೆಯಲ್ಲಿ ಎಲ್ಲರಿಗೂ ಆಸೆ ಹುಟ್ಟಿಸುವುದು ಗೋಡೆಯ ಗೂಡು. ದೀಪ, ಎಣ್ಣೆ ಕುಪ್ಪಿಗೆ, ಕನ್ನಡಕಕ್ಕೆ ಒಂದೊಂದು. ಆ ಗೋಡೆ ಎರಡು ಅಡಿ ದಪ್ಪ, ಒಂದು ಗೇಣು ಒಳಗೆ ಹೋದರೂ ಅದಕ್ಕೆ ಏನೂ ಆಗದು. ನಿಮ್ಮದು 4 ಅಥವಾ 6 ಇಂಚಿನ ಗೋಡೆಯಾದರೆ ಗೂಡಿನ ಮಾತೇ ಬೇಡ, 6 ಇಂಚು ಆಳದ ಪ್ಲೈವುಡ್ ಪೆಟ್ಟಿಗೆಯನ್ನು ಗೋಡೆಗೆ ಕೂಡಿಸಿ ಸುಮ್ಮನಾಗಿ. 9 ಇಂಚಿನ ಇಟ್ಟಿಗೆ ಗೋಡೆಯಾದರೆ ನಾಲ್ಕೂವರೆ ಇಂಚು ಆಳ, ಹೆಚ್ಚೆಂದರೆ 2 ಅಡಿ ಅಗಲದ ಗೂಡು ತೆಗೆಯಬಹುದು. ಮೇಲೆ 2 ಇಂಚು ದಪ್ಪದ ಕಲ್ಲು ಕೂಡಿಸಿ, ಅದು ಎರಡೂ ಬದಿಗೆ 4 ಇಂಚು ಗೋಡೆಯೊಳಗೆ ಕೂತಿರಬೇಕು. ಅಂದರೆ 2 ಅಡಿ ಗೂಡಿಗೆ 2 ಅಡಿ 8 ಇಂಚಿನ ಕಲ್ಲು. ಕಂಬ, ತೊಲೆ ಇರುವ ಕಡೆ ಮುಟ್ಟಬಾರದು. ಪಡುವಣ ದಿಕ್ಕಿನ ಹೊರಗೋಡೆಯೂ ಬೇಡ. ಬಿಸಿಲು ಹೊಡೆಯುವ ಗೋಡೆ ತೆಳ್ಳಗಾದಷ್ಟೂ ಕೋಣೆ ಕಾಯುತ್ತದೆ. ಕಡಪಾ ಕಲ್ಲಿನ ಹಲಗೆ ಹಾಕುವವರು ಅಂಚು ಪಾಲಿಶ್ ಮಾಡಿಸಿಯೇ ತರಬೇಕು. ಕೂಡಿಸಿದ ಮೇಲೆ ಉಜ್ಜಿಸಿದರೆ ಸುತ್ತಲಿನ ಗೋಡೆಗೆಲ್ಲ ಕಪ್ಪು ನೀರು ಸಿಡಿಯುತ್ತದೆ.

ಎರೆಮಣ್ಣಿನ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಮಳೆಗೆ ಆ ನೆಲ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದು ಗೆರೆ ದಾಟದಿದ್ದರೆ ಆಮೇಲೆ ಆ ಗೋಡೆಗೆ ಕನ್ನಡಿ, ಗೂಡಿನ ಯೋಚನೆ ಮಾಡಿ.

ಈಗ ಬಣ್ಣ. ಹಳ್ಳಿಯ ಮನೆಗಳಲ್ಲಿ ಮೇಲೆ ಸುಣ್ಣ, ಕೆಳಗೆ ಮೂರು ಅಡಿ ಕೆಮ್ಮಣ್ಣಿನ ಪಟ್ಟಿ ಇರುತ್ತದಲ್ಲ, ಅದನ್ನು ಬರೀ ಶೋಕಿಗೆಂದು ಬಳಿದದ್ದಲ್ಲ. ನೆಲದ ಮೇಲೆ ಕೂತು ಗೋಡೆಗೆ ಒರಗಿದರೆ ತಲೆಯ ಎಣ್ಣೆ ತಾಗುವುದು ಸುಮಾರು 3 ಅಡಿಗೆ. ಮಕ್ಕಳ ಕೈ, ನೆಲ ಒರೆಸುವಾಗಿನ ಕೊಳೆ, ಬಳ್ಳಾರಿ–ಸಂಡೂರಿನ ಕೆಂಪು ಧೂಳು ಎಲ್ಲ ಅದರ ಕೆಳಗೇ ಕೂಡುತ್ತದೆ. ಅಂಗಡಿಯ ಕ್ಯಾಟಲಾಗಿನಿಂದ ಬಿಳಿ ಆರಿಸಿ ನೆಲದವರೆಗೆ ಬಳಿದವರು ವರ್ಷದೊಳಗೇ ಪಶ್ಚಾತ್ತಾಪ ಪಡುತ್ತಾರೆ. 3 ಅಡಿ 3 ಇಂಚಿಗೆ ದಾರದ ಗುರುತು ಹೊಡೆದು, ಕೆಳಗೆ ತೊಳೆಯಲು ಬರುವ ಇಟ್ಟಿಗೆ ಬಣ್ಣ, ಮೇಲೆ ತಿಳಿ ಬಣ್ಣ ಹಚ್ಚಿಸಿ. ಗುರುತನ್ನು ನೀರಿನ ಪೈಪು ಹಿಡಿದು ಮಟ್ಟ ನೋಡಿಯೇ ಹಾಕಬೇಕು. ನೆಲದಿಂದ ಅಳೆದರೆ ನೆಲದ ಇಳಿಜಾರು ಗೋಡೆಯ ಮೇಲೂ ಕಾಣುತ್ತದೆ.

ಆದರೆ ಉಪ್ಪು ಹತ್ತಿದ ಗೋಡೆಗೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಬುನಾದಿಯಿಂದ ನೀರು ಮೇಲೇರುವಾಗ ಉಪ್ಪನ್ನೂ ಜೊತೆಗೆ ತರುತ್ತದೆ. ನೀರು ಆರಿ ಹೋಗಿ ಉಪ್ಪು ಹರಳುಗಟ್ಟಿ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಇದಕ್ಕೆ ಟೈಲ್ಸ್ ಅಂಟಿಸಿ ಮುಚ್ಚುವುದು ಎಲ್ಲರೂ ಮಾಡುವ ತಪ್ಪು. ಹೊರಬರಲು ದಾರಿ ಸಿಗದ ತೇವ ಟೈಲ್ಸಿನ ಮೇಲಕ್ಕೆ ಹತ್ತಿ ಅಲ್ಲಿ ಹೊಸ ಕಲೆ ಮಾಡುತ್ತದೆ. ತೇವ ಒಳಗಿನದೋ ಹೊರಗಿನದೋ ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆ ಹನಿ ಕಟ್ಟಿದರೆ ಒಳಗಿನ ತೇವ. ಆಗ ಸೋರುವ ನಲ್ಲಿ, ಗೋಡೆಗೆ ತಾಗಿದ ಬಚ್ಚಲ ನೀರು ಇವನ್ನು ಮೊದಲು ನಿಲ್ಲಿಸಿ. ಕಲೆಗಿಂತ ಒಂದಡಿ ಮೇಲಿನವರೆಗೆ ಗಿಲಾವು ತೆಗೆಸಿ, ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ. ನೀರಿನಿಂದ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಬೇಸಿಗೆಯಿಡೀ ಗೋಡೆ ಒಣಗಲಿ, ಆಮೇಲೆ ಸುಣ್ಣದ ಗಾರೆಯ ಗಿಲಾವು, ಅದರ ಮೇಲೆ ಸುಣ್ಣ.

ಸುಣ್ಣ ಬಳಿಯುವುದನ್ನೇ ಈಗ ಮರೆತಿದ್ದಾರೆ, ಅದಕ್ಕೆ ಲೆಕ್ಕ ಹೇಳುತ್ತೇನೆ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ 5 ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಅದಕ್ಕೆ ಸುಣ್ಣವನ್ನು ಸ್ವಲ್ಪ ಸ್ವಲ್ಪ ಬಿಡಬೇಕು. ಸುಣ್ಣದ ಮೇಲೆ ನೀರು ಸುರಿದರೆ ಕುದ್ದು ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ತಡೆಯುವುದಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು ಇರಲಿ. 24 ಗಂಟೆ ಬಿಟ್ಟು ಹಳೆಯ ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ 20 ಗ್ರಾಂ ಗೋಂದು ಸೇರಿಸಿ. ಮೂರು ಕೈ ಬಳಿಯಬೇಕು. ಕೊನೆಯ ಎರಡು ಕೈಗೆ ಕಿಲೋಗೆ 3 ಗ್ರಾಂ ಮೀರದಂತೆ ನೀಲಿ ಹಾಕಿದರೆ ಬಿಳುಪು ಎದ್ದು ಕಾಣುತ್ತದೆ. ಮೊದಲೇ ಎಮಲ್ಷನ್ ಬಳಿದ ಗೋಡೆಯಾದರೆ ಅದನ್ನು ಪೂರ್ತಿ ಕೆರೆಸದೆ ಸುಣ್ಣ ಹಚ್ಚಬೇಡಿ. ಹಪ್ಪಳದಂತೆ ಏಳುತ್ತದೆ.

ಬಟ್ಟೆಯ ವಿಷಯಕ್ಕೆ ಬಂದರೆ ಗೆಳತಿಯರ ಟ್ರಂಕಿನಲ್ಲಿರುವ ಹಳೆಯ ಇಳಕಲ್ ಸೀರೆಗಿಂತ ಒಳ್ಳೆಯ ಪರದೆ ಅಂಗಡಿಯಲ್ಲಿ ಸಿಗದು. 6 ವಾರದ (ಗಜದ) ಸೀರೆ 18 ಅಡಿ, ಅಗಲ ಸುಮಾರು 4 ಅಡಿ. ಏಳೂವರೆ ಅಡಿಯ ಎರಡು ತುಂಡು ಕತ್ತರಿಸಿದರೆ 15 ಅಡಿ ಆಯಿತು. ಮೇಲೆ ಕೆಳಗೆ ಮೂರು ಮೂರು ಇಂಚು ಮಡಿಕೆ ಹೋಗಿ ಸರಿಯಾಗಿ 7 ಅಡಿಯ ಪರದೆ. ಎರಡೂ ಸೇರಿ 8 ಅಡಿ ಅಗಲವಾದ್ದರಿಂದ 4 ಅಡಿಯ ಸರಳಿಗೆ ನೆರಿಗೆ ತುಂಬಿ ಬೀಳುತ್ತದೆ. 5 ಅಡಿಯ ಕಿಟಕಿಗೆ ಇದೇ ಬಟ್ಟೆಯನ್ನು ಎಳೆದು ಹೊಲಿಸಿದರೆ ಹಾಸಿಗೆ ಹೊದಿಕೆ ಒಣಹಾಕಿದಂತೆ ಕಾಣುತ್ತದೆ. ಉಳಿದ 3 ಅಡಿ ಸೆರಗು. ಟೋಪ್ ತೆನಿ ಎಂಬ ವಿನ್ಯಾಸದ ಆ ಕೆಂಪು ಭಾಗವನ್ನು ದಿಂಬಿಗೆ ಬಳಸಿ. ಕತ್ತರಿ ಹಾಕುವ ಮೊದಲು ಒದ್ದೆಯ ಬಿಳಿ ಬಟ್ಟೆಯಿಂದ ಒಮ್ಮೆ ತಿಕ್ಕಿ ನೋಡಿ, ಕೆಂಪು ಹತ್ತಿದರೆ ಅದನ್ನು ಬೇರೆಯಾಗಿಯೇ ಒಗೆಯಬೇಕು. ಹಿಂದೆ ದಪ್ಪ ಬಿಳಿ ಹತ್ತಿಬಟ್ಟೆಯ ಅಸ್ತರು ಹಚ್ಚಿಸದಿದ್ದರೆ ನಮ್ಮ ಬಿಸಿಲಿಗೆ ಬಣ್ಣವೂ ಉಳಿಯದು, ನೂಲೂ ಉಳಿಯದು.

ಕೌದಿಯನ್ನು ಗೋಡೆಗೆ ಹಾಕುವುದು ಈಗ ಎಲ್ಲೆಲ್ಲೂ ಕಾಣುತ್ತದೆ. ಮೊಳೆ ಹೊಡೆದು ಹಾಕಿದರೆ ಅದರ ತೂಕಕ್ಕೆ ಅದೇ ಹರಿಯುತ್ತದೆ. ಹಿಂಬದಿಯ ಮೇಲಂಚಿಗೆ 4 ಇಂಚಿನ ಬಟ್ಟೆಯ ಕೊಳವೆ ಹೊಲಿದು, ಅದರೊಳಗೆ ಕೋಲು ತೂರಿಸಿ, ಕೋಲಿನ ಎರಡು ತುದಿಯನ್ನು ಮಾತ್ರ ತೂಗುಹಾಕಿ. ಸಂಡೂರಿನ ಲಂಬಾಣಿ ಕಸೂತಿಗೂ ಇದೇ ಕ್ರಮ, ಕನ್ನಡಿ ಇರುವುದರಿಂದ ಎದುರಿನ ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ ಗೋಡೆ ನೋಡಿ.

ಕೊಪ್ಪಳ ಕಡೆಯ ಕಿನ್ನಾಳದ ಮರದ ಗೊಂಬೆಗಳನ್ನು ಸಾಲಾಗಿ ಟಿ.ವಿ. ಮೇಲೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದೇ ದೊಡ್ಡದನ್ನು, ಕೂತವರ ಕಣ್ಣಿನ ಮಟ್ಟಕ್ಕೆ ಇಡಿ. ನೆಲದ ಮೇಲೆ ಕೂರುವ ಮನೆಯಲ್ಲಿ ಆ ಮಟ್ಟ ಎರಡೂವರೆ ಅಡಿ ಮಾತ್ರ. ಹಗುರ ಮರದ ಮೇಲೆ ಹುಣಸೆಬೀಜದ ಅಂಟು ಮತ್ತು ಮರದ ಪುಡಿಯ ಕಿಟ್ಟ ಮೆತ್ತಿ ಮಾಡಿದ್ದಾದ್ದರಿಂದ ಒದ್ದೆ ಬಟ್ಟೆ ತಾಗಬಾರದು. ಮೆತ್ತನೆಯ ಒಣ ಬ್ರಷ್ ಸಾಕು.

ಗೆಳೆಯರ ಮನೆಯಲ್ಲೇ ಎಲ್ಲ ಸಿಗಬೇಕೆಂದೂ ಇಲ್ಲ. ಖಾನಾವಳಿಯ ರೊಟ್ಟಿ ಬುಟ್ಟಿಯನ್ನು ಬೋರಲು ಹಾಕಿದರೆ ದೀಪದ ಮುಸುಕು. ಮೇದಾರರ ಹತ್ತಿರ ಒಂದೂಕಾಲು ಅಡಿ ಅಗಲದ, ಸಂದು ಬಿಟ್ಟು ಹೆಣೆದ ಬುಟ್ಟಿ ಹೇಳಿ ಮಾಡಿಸಿ. ಒತ್ತಾಗಿ ಹೆಣೆದದ್ದಾದರೆ ಬೆಳಕು ಕೆಳಗಷ್ಟೇ ಬೀಳುತ್ತದೆ. 9 ವಾಟಿನೊಳಗಿನ ಎಲ್‌ಇಡಿ ಮಾತ್ರ, ಹಳದಿ ಛಾಯೆಯದು, ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದು ಬರೆದಿರುತ್ತದೆ. ಬಲ್ಬಿಗೂ ಬಿದಿರಿಗೂ 3 ಇಂಚು ಅಂತರವಿರಲಿ, ಊಟದ ಮೇಜಿನಿಂದ ಬುಟ್ಟಿಯ ಅಂಚಿಗೆ 30 ಇಂಚು. ಭಾರವನ್ನು ವೈರಿನ ಮೇಲೆ ಬಿಡದೆ ಬೇರೆ ದಾರಕ್ಕೆ ಕಟ್ಟಬೇಕು. ಕೆಲವು ತಿಂಗಳ ಮೇಲೆ ಮೇಜಿನ ಮೇಲೆ ಹಿಟ್ಟಿನಂಥ ಹಳದಿ ಪುಡಿ ಉದುರತೊಡಗಿದರೆ ಬಿದಿರಿಗೆ ಹುಳ ಬಿದ್ದಿದೆ. ಅವತ್ತೇ ಇಳಿಸಿ ಮನೆಯಾಚೆ ಹಾಕಿ, ಇಲ್ಲದಿದ್ದರೆ ಪಕ್ಕದ ಮರದ ಸಾಮಾನಿಗೂ ಹತ್ತಬಹುದು.

ತಂಪಾದ ಶಹಾಬಾದ್ ಫರ್ಸಿ ನೋಡಿ ಆಸೆಪಟ್ಟು ಹಾಕಿಸುವವರಿಗೆ ಒಂದೇ ಮಾತು: 10×12 ಅಡಿಯ ಕೋಣೆಗೆ 120 ಚದರ ಅಡಿಯಲ್ಲ, ಒಡೆಯುವುದು, ಕತ್ತರಿಸುವುದು ಸೇರಿ 132 ತರಿಸಿ. ಅದು ಸುಣ್ಣಕಲ್ಲು, ನಿಂಬೆಹಣ್ಣು ಹಿಂಡಿದರೂ ಹುಣಸೆಹುಳಿ ಚೆಲ್ಲಿದರೂ ಬಿಳಿ ಕಲೆ ಬೀಳುತ್ತದೆ. ಪಾಯಖಾನೆ ತೊಳೆಯುವ ಆಸಿಡ್ ಅಂತೂ ಆ ಕೋಣೆಯ ಹೊಸ್ತಿಲು ದಾಟಬಾರದು.